ಬಿಡಿಭಾಗಕ್ಕೆ ಮುನ್ನ ಪರೀಕ್ಷೆ: ಹಳೆಯ ಪಿಕಪ್ ವಾಹನದ ದುರಸ್ತಿಯಲ್ಲಿ ಸೋರುತ್ತಿರುವ ಹಣ

ಸಗಟು ವ್ಯಾಪಾರಿಗಳ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಲೆಕ್ಕಪತ್ರಗಳಲ್ಲಿ ತಪ್ಪದೆ ಕಾಣಸಿಗುವ ಒಂದು ಬಾಬ್ತು ‘ವಾಹನ ದುರಸ್ತಿ ಮತ್ತು ನಿರ್ವಹಣೆ’. ಸರಕು ಖರೀದಿಯಲ್ಲಿ ಕಿಲೋಗೆ ಇಪ್ಪತ್ತೈದು ಪೈಸೆಗಾಗಿ ಚೌಕಾಸಿ ಮಾಡುವ, ಬ್ಯಾಂಕಿನ ಬಡ್ಡಿಯಲ್ಲಿ ಶೇಕಡಾ ಕಾಲು ಭಾಗದ ವ್ಯತ್ಯಾಸವನ್ನೂ ಗಮನಿಸುವ ನಮ್ಮ ವ್ಯಾಪಾರಿ ಬಂಧುಗಳು ಈ ಒಂದು ಬಾಬ್ತಿನಲ್ಲಿ ಮಾತ್ರ ಬಂದ ಬಿಲ್ಲನ್ನು ಪ್ರಶ್ನಿಸದೆ ಪಾವತಿಸಿ ಮುಂದಿನ ಕೆಲಸಕ್ಕೆ ತೊಡಗುತ್ತಾರೆ. ವಾಹನ ನಿಂತರೆ ವ್ಯಾಪಾರ ನಿಲ್ಲುತ್ತದೆ ಎಂಬ ಆತಂಕವೇ ಇದಕ್ಕೆ ಕಾರಣ. ಆತಂಕದಲ್ಲಿ ಮಾಡಿದ ವೆಚ್ಚವೇ ಎಲ್ಲಕ್ಕಿಂತ ದುಬಾರಿಯಾದ ವೆಚ್ಚ ಎಂಬುದನ್ನು ಕಡತಗಳು ಮತ್ತೆ ಮತ್ತೆ ತೋರಿಸಿಕೊಡುತ್ತವೆ.

ಅದರಲ್ಲಿಯೂ ಎರಡು ಲಕ್ಷ ಕಿಲೋಮೀಟರು ದಾಟಿದ ಡೀಸೆಲ್ ಪಿಕಪ್ ವಾಹನಗಳಲ್ಲಿ ‘ಎಂಜಿನ್ ಸ್ಟಾರ್ಟ್ ಆಗುವುದಿಲ್ಲ’, ‘ಓಡುತ್ತಿರುವಾಗಲೇ ಬಂದ್ ಆಗುತ್ತದೆ’, ‘ಭಾರ ಹೇರಿದಾಗ ಎಳೆಯುವುದಿಲ್ಲ’ ಎಂಬ ದೂರುಗಳಿಗೆ ಆಗುವ ವೆಚ್ಚವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಈ ದೂರು ಬಂದೊಡನೆ ಪಂಪು, ಇಂಜೆಕ್ಟರ್, ಸೆನ್ಸರ್ ಒಂದೊಂದಾಗಿ ಬದಲಾಗುತ್ತವೆ. ಆದರೆ ದೋಷವು ಎಷ್ಟೋ ಸಲ ಈ ದುಬಾರಿ ಭಾಗಗಳಲ್ಲಿ ಇರುವುದೇ ಇಲ್ಲ. ಅವುಗಳಿಗೆ ವಿದ್ಯುತ್ತನ್ನು ಒಯ್ಯುವ ತಂತಿಯಲ್ಲಿ, ತುಕ್ಕು ಹಿಡಿದ ಅರ್ತ್ ಜೋಡಣೆಯಲ್ಲಿ ಅಥವಾ ಸವೆದ ರಿಲೇಯಲ್ಲಿ ಅಡಗಿರುತ್ತದೆ. ಆದ್ದರಿಂದ ಬಿಡಿಭಾಗಕ್ಕೆ ಹಣ ಕೊಡುವ ಮುನ್ನ ಪರೀಕ್ಷೆಗೆ ಹಣ ಕೊಡುವ ಪದ್ಧತಿಯನ್ನು ನಾವು ರೂಢಿಸಿಕೊಳ್ಳಬೇಕೆಂಬುದು ಈ ಲೇಖನದ ಅಭಿಪ್ರಾಯ.

ಡೀಸೆಲ್ ಎಂಜಿನ್ನಿಗೆ ವಿದ್ಯುತ್ತಿನ ಹಂಗು

ಹಳೆಯ ತಲೆಮಾರಿನ ಡೀಸೆಲ್ ವಾಹನಗಳಲ್ಲಿ ಇಂಧನ ವ್ಯವಸ್ಥೆಯು ಬಹುಮಟ್ಟಿಗೆ ಯಾಂತ್ರಿಕವಾಗಿತ್ತು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪಂಪು ಮತ್ತು ನಾಜಲ್‌ಗಳ ಹೆಸರನ್ನು ಕೇಳದ ಲಾರಿ ಮಾಲೀಕರಿರಲಿಲ್ಲ. ಅಂಥ ಎಂಜಿನ್ ಒಮ್ಮೆ ಚಾಲೂ ಆದರೆ ಅದು ಓಡಲು ವಿದ್ಯುತ್ತಿನ ಅವಶ್ಯಕತೆ ತೀರ ಅಲ್ಪವಾಗಿತ್ತು. ಅನುಭವಿ ಮೆಕ್ಯಾನಿಕ್ ಎಂಜಿನ್ನಿನ ಶಬ್ದ ಕೇಳಿ, ಹೊಗೆಯ ಬಣ್ಣ ನೋಡಿ ದೋಷವನ್ನು ಹೇಳಬಲ್ಲವನಾಗಿದ್ದನು.

ಕಾಮನ್ ರೈಲ್ ತಂತ್ರಜ್ಞಾನವು 1997ರಲ್ಲಿ ಕಾರುಗಳಿಗೆ ಬಂದು, ಕ್ರಮೇಣ ಸಣ್ಣ ಸರಕು ವಾಹನಗಳಿಗೂ ವ್ಯಾಪಿಸಿತು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡಗಳು ಜಾರಿಗೆ ಬಂದ ಮೇಲೆ ಇಲೆಕ್ಟ್ರಾನಿಕ್ ನಿಯಂತ್ರಣವೇ ನಿಯಮವಾಯಿತು. ಈ ವ್ಯವಸ್ಥೆಯಲ್ಲಿ ಅಧಿಕ ಒತ್ತಡದ ಪಂಪು ಡೀಸೆಲನ್ನು ಒಂದು ದಪ್ಪ ಕೊಳವೆಗೆ, ಅಂದರೆ ರೈಲ್‌ಗೆ ತುಂಬುತ್ತದೆ. ಲಾರಿಯ ಟೈರಿನ ಗಾಳಿಯ ಒತ್ತಡ ಸುಮಾರು 8 ಬಾರ್ ಇದ್ದರೆ, ಈ ರೈಲ್‌ನ ಒತ್ತಡವು 1,600 ಬಾರ್‌ನಷ್ಟು ಏರಬಲ್ಲದು. ಎಷ್ಟು ಡೀಸೆಲ್ ತುಂಬಬೇಕು, ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ತೆರೆಯಬೇಕು ಎಂಬುದನ್ನು ಇಸಿಯು ಎಂದು ಕರೆಯಲಾಗುವ ನಿಯಂತ್ರಣ ಪೆಟ್ಟಿಗೆಯು ನಿರ್ಧರಿಸುತ್ತದೆ. ಅದಕ್ಕೆ ರೈಲ್ ಒತ್ತಡದ ಸೆನ್ಸರ್, ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಆಕ್ಸಿಲರೇಟರ್ ಸೆನ್ಸರ್‌ಗಳು ವರದಿ ಒಪ್ಪಿಸುತ್ತಿರುತ್ತವೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಸಿಯು ಒಂದು ಪೇಢಿಯ ಯಜಮಾನನಿದ್ದಂತೆ, ಸೆನ್ಸರ್‌ಗಳು ಗುಮಾಸ್ತರಿದ್ದಂತೆ. ಗುಮಾಸ್ತನು ಪ್ರಾಮಾಣಿಕನಾಗಿದ್ದರೂ ಅವನ ಚೀಟಿ ದಾರಿಯಲ್ಲಿ ಹರಿದುಹೋದರೆ ಯಜಮಾನನ ತೀರ್ಮಾನ ತಪ್ಪುತ್ತದೆ. ಹಳೆಯ ವಾಹನದಲ್ಲಿ ನಡೆಯುವುದು ಇದೇ.

ವಯಸ್ಸಾಗುವುದು ತಂತಿಗೂ ಹೌದು

ಎಂಜಿನ್ನಿನ ಸವಕಳಿಯನ್ನು ನಾವೆಲ್ಲರೂ ಒಪ್ಪುತ್ತೇವೆ. ವೈರಿಂಗಿನ ಸವಕಳಿಯು ಕಣ್ಣಿಗೆ ಬೀಳದು. ಎಂಜಿನ್ನಿನ ಶಾಖಕ್ಕೆ ತಂತಿಯ ಹೊದಿಕೆ ಬಿರುಸಾಗಿ ಒಡೆಯುತ್ತದೆ. ಕಂಪನದಿಂದ ತಂತಿಗಳ ಕಟ್ಟು ಚಾಸಿಗೆ ಉಜ್ಜುತ್ತಾ ಬೆತ್ತಲಾಗುತ್ತದೆ. ಕರಾವಳಿಯ ಉಪ್ಪುಗಾಳಿ, ಮೀನಿನ ಪೆಟ್ಟಿಗೆಯಿಂದ ಸೋರುವ ನೀರು, ಗೊಬ್ಬರದ ಚೀಲದಿಂದ ಉದುರುವ ಪುಡಿ ಇವೆಲ್ಲವೂ ಜೋಡಣೆಗಳಲ್ಲಿ ತುಕ್ಕನ್ನು ಬೆಳೆಸುತ್ತವೆ. ದವಸಧಾನ್ಯದ ಗೋದಾಮಿನ ಬಳಿ ರಾತ್ರಿ ನಿಲ್ಲಿಸಿದ ವಾಹನದ ತಂತಿಗಳು ಇಲಿಗಳಿಗೆ ಆಹಾರವಾಗುವುದು ಮಾರುಕಟ್ಟೆ ಪ್ರಾಂಗಣದ ವರ್ತಕರಿಗೆ ತಿಳಿಯದ ವಿಷಯವೇನಲ್ಲ.

ಇವುಗಳ ಜೊತೆಗೆ ನಮ್ಮ ಕೈಯಾರೆ ಮಾಡಿದ ಹಾನಿಯೂ ಸೇರುತ್ತದೆ. ಹೆಚ್ಚುವರಿ ದೀಪ, ದೊಡ್ಡ ಹಾರ್ನ್, ಟೇಪ್ ರೆಕಾರ್ಡರ್, ಜಿಪಿಎಸ್ ಇತ್ಯಾದಿಗಳಿಗಾಗಿ ಸಿಕ್ಕ ತಂತಿಯನ್ನು ಕತ್ತರಿಸಿ ಜೋಡಿಸಲಾಗುತ್ತದೆ. ಪರೀಕ್ಷಾ ದೀಪದ ಮೊನೆಯಿಂದ ತಂತಿಯ ಹೊದಿಕೆಯನ್ನು ಚುಚ್ಚುವುದರಿಂದ ಆ ರಂಧ್ರದಲ್ಲಿ ನೀರು ಇಳಿದು ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ಬ್ಯಾಟರಿ ಸಂಪರ್ಕ ಕಳಚದೆ ಸರಕಿನ ಬಾಡಿಗೆ ವೆಲ್ಡಿಂಗ್ ಮಾಡಿಸುವುದರಿಂದ ಇಸಿಯುವಿಗೇ ಪೆಟ್ಟು ಬೀಳುವ ಅಪಾಯವಿದೆ.

ಒಂದು ಕಡತದ ಲೆಕ್ಕ

ನಮ್ಮ ಕಚೇರಿಯ ಕಕ್ಷಿದಾರರೊಬ್ಬರ, ಕಿರಾಣಿ ಸಗಟು ವ್ಯಾಪಾರಿಯೊಬ್ಬರ, ಪಿಕಪ್ ವಾಹನದ ಉದಾಹರಣೆಯನ್ನು ಇಲ್ಲಿ ಕೊಡಬಹುದು. ಓಟ 2,40,000 ಕಿಲೋಮೀಟರು. ದೂರು: ವಾರಕ್ಕೆ ಒಂದೆರಡು ಬಾರಿ ಓಡುತ್ತಿರುವಾಗಲೇ ಎಂಜಿನ್ ನಿಲ್ಲುವುದು, ಅರ್ಧ ಗಂಟೆಯ ನಂತರ ತಾನಾಗಿಯೇ ಚಾಲೂ ಆಗುವುದು. ಮೂರು ತಿಂಗಳ ಬಿಲ್ಲುಗಳು ಹೀಗಿದ್ದವು: ಡೀಸೆಲ್ ಫಿಲ್ಟರ್ ರೂ. 1,400, ರೈಲ್ ಒತ್ತಡದ ಸೆನ್ಸರ್ ರೂ. 6,800, ಪಂಪಿನ ಓವರ್‌ಹಾಲ್ ರೂ. 24,500, ಇಂಜೆಕ್ಟರ್‌ಗಳ ದುರಸ್ತಿ ರೂ. 16,000, ಎರಡು ಬಾರಿ ಎಳೆದು ತಂದ ಬಾಬ್ತು ರೂ. 5,500, ಕೂಲಿ ರೂ. 7,300. ಒಟ್ಟು ರೂ. 61,500. ಈ ಅವಧಿಯಲ್ಲಿ 11 ದಿನ ಬಾಡಿಗೆ ವಾಹನಕ್ಕೆ ದಿನಕ್ಕೆ ರೂ. 2,600ರಂತೆ ರೂ. 28,600 ಪ್ರತ್ಯೇಕ. ಎರಡೂ ಸೇರಿ ರೂ. 90,100.

ಇಷ್ಟಾದರೂ ದೋಷ ಹೋಗಿರಲಿಲ್ಲ. ಕೊನೆಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಎರಡು ಗಂಟೆ ಪರೀಕ್ಷಿಸಿ, ಇಸಿಯುವಿಗೆ ವಿದ್ಯುತ್ ಪೂರೈಸುವ ತಂತಿಯು ಒಂದು ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಒಳಗೆ ಒಂದೆರಡು ಎಳೆಗಳಷ್ಟೇ ಉಳಿದಿರುವುದನ್ನು ತೋರಿಸಿಕೊಟ್ಟರು. ಎಂಜಿನ್ ಕಾದಾಗ ಸಂಪರ್ಕ ತಪ್ಪುತ್ತಿತ್ತು, ತಣಿದಾಗ ಕೂಡುತ್ತಿತ್ತು. ಅವರ ಮಜೂರಿ ರೂ. 1,500.

ಹಣದ ನಷ್ಟ ಒಂದೆಡೆಯಿರಲಿ. ಆ ಮೂರು ತಿಂಗಳಲ್ಲಿ ಮಾಲೀಕರಿಗೆ ಚಾಲಕನ ಮೇಲೆ ಸಂಶಯ ಬಂದಿತ್ತು. ಕಲಬೆರಕೆ ಡೀಸೆಲ್ ತುಂಬಿಸುತ್ತಾನೆ, ಮನಸ್ಸಿಲ್ಲದ ಬಾಡಿಗೆಗೆ ನೆಪ ಹೇಳುತ್ತಾನೆ ಎಂಬ ಮಾತುಗಳಾಗಿ, ಎಳೆದು ತಂದ ವೆಚ್ಚವನ್ನು ಅವನ ಸಂಬಳದಿಂದ ಮುರಿದುಕೊಳ್ಳಲಾಗಿತ್ತು. ಒಂಬತ್ತು ವರ್ಷ ದುಡಿದ ಆ ಚಾಲಕ ಕೆಲಸ ಬಿಟ್ಟನು. ತಂತಿ ಸಿಕ್ಕಿದ ಮೇಲೆ ಹೇಳಿಕಳುಹಿಸಿದರೂ ಅವನು ಮರಳಿ ಬರಲಿಲ್ಲ. ಈ ನಷ್ಟವನ್ನು ಬರೆಯಲು ನಮ್ಮ ಲೆಕ್ಕಪುಸ್ತಕದಲ್ಲಿ ಖಾತೆಯೇ ಇಲ್ಲ.

ಪರೀಕ್ಷೆಯ ಕ್ರಮ

ಮಾಲೀಕರು ಸ್ವತಃ ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಲೆಕ್ಕ ಬರೆಯಲು ಬಾರದಿದ್ದರೂ ತಾಳೆಪಟ್ಟಿ ಓದಲು ಕಲಿಯುವಂತೆ, ಯಾವ ಪರೀಕ್ಷೆ ಆಗಿದೆ, ಯಾವುದು ಆಗಿಲ್ಲ ಎಂದು ಕೇಳುವಷ್ಟು ತಿಳಿವಳಿಕೆ ಇರಬೇಕು. ಅಗ್ಗದ, ಸುಲಭದ ಪರೀಕ್ಷೆ ಮೊದಲು. ದುಬಾರಿಯಾದದ್ದು ಕೊನೆಗೆ ಎಂಬುದೇ ಇಲ್ಲಿನ ಸೂತ್ರ.

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಫಿಲ್ಟರ್‌ನಲ್ಲಿ ನೀರು ಸೇರಿದೆಯೇ, ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು.

2. ಬ್ಯಾಟರಿ: ವಾಹನ ನಿಂತಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಇಸಿಯು ತನ್ನ ಕೆಲಸವನ್ನು ಸರಿಯಾಗಿ ನಿರ್ವಹಿಸಲಾರದು. ಸ್ಟಾರ್ಟರ್ ತಿರುಗುತ್ತದೆಯಲ್ಲವೇ ಎಂಬ ಸಮಾಧಾನ ಇಲ್ಲಿ ಸಾಲದು.

3. ಅರ್ತ್: ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿಯ ನೆಗೆಟಿವ್ ಕಂಬದ ನಡುವೆ ಮೀಟರ್ ಇಟ್ಟು ಸ್ಟಾರ್ಟರ್ ತಿರುಗಿಸಿದಾಗ 0.2 ವೋಲ್ಟಿನ ಆಸುಪಾಸಿನಲ್ಲಿಯೇ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಬಿಗಿಗೊಳಿಸುವುದು ಮೊದಲ ಕೆಲಸ.

4. ಫ್ಯೂಸ್ ಮತ್ತು ರಿಲೇ: ಫ್ಯೂಸನ್ನು ಕಣ್ಣಿನಿಂದ ನೋಡಿದರೆ ಸಾಲದು, ಎರಡೂ ತುದಿಗಳಲ್ಲಿ ವಿದ್ಯುತ್ ಇದೆಯೇ ಎಂದು ಅಳೆಯಬೇಕು. ಸಂಶಯ ಬಂದ ರಿಲೇಯ ಜಾಗದಲ್ಲಿ ಅದೇ ಸಂಖ್ಯೆಯ ಇನ್ನೊಂದು ರಿಲೇ ಹಾಕಿ ನೋಡುವುದಕ್ಕೆ ಕಾಸಿನ ಖರ್ಚಿಲ್ಲ. ಪದೇ ಪದೇ ಸುಡುವ ಫ್ಯೂಸಿನ ಬದಲು ಹೆಚ್ಚು ಆಂಪಿಯರಿನದನ್ನೋ ತಾಮ್ರದ ಎಳೆಯನ್ನೋ ಹಾಕುವುದು ವಾಹನಕ್ಕೆ ಬೆಂಕಿ ಇಡುವುದಕ್ಕೆ ಸಮ.

5. ಸ್ಕ್ಯಾನರ್: ಇಸಿಯುವಿನಲ್ಲಿ ದಾಖಲಾದ ದೋಷಸಂಕೇತಗಳನ್ನು ಅಳಿಸುವ ಮುನ್ನ ಬರೆದುಕೊಳ್ಳಬೇಕು. ಸ್ಟಾರ್ಟರ್ ತಿರುಗುವಾಗ ರೈಲ್ ಒತ್ತಡ ಎಷ್ಟು ಏರುತ್ತದೆ ಎಂದು ನೋಡಬೇಕು. ಸಾಮಾನ್ಯವಾಗಿ 200 ಬಾರ್‌ನ ಆಸುಪಾಸಿಗೆ ಏರದೆ ಎಂಜಿನ್ ಚಾಲೂ ಆಗುವುದಿಲ್ಲ.

6. ಸೆನ್ಸರ್‌ನ ಪ್ಲಗ್: ರೈಲ್ ಒತ್ತಡದ ಸೆನ್ಸರ್‌ಗೆ ಮೂರು ತಂತಿಗಳು. ಒಂದರಲ್ಲಿ ಇಸಿಯು ಕಳುಹಿಸುವ 5 ವೋಲ್ಟ್, ಒಂದು ಅರ್ತ್, ಮತ್ತೊಂದು ವರದಿ ಒಯ್ಯುವ ತಂತಿ. 5 ವೋಲ್ಟ್ ಬರದೇ ಇದ್ದರೆ ಸೆನ್ಸರ್ ನಿರಪರಾಧಿ. ಅದೇ 5 ವೋಲ್ಟನ್ನು ಹಂಚಿಕೊಳ್ಳುವ ಬೇರೊಂದು ಸೆನ್ಸರ್ ಕೆಟ್ಟು ಎಲ್ಲವನ್ನೂ ಕೆಳಗೆಳೆದಿರುವ ಸಾಧ್ಯತೆಯೂ ಇದೆ.

7. ಎಂಜಿನ್ ಕಾದಿರುವಾಗ ತಂತಿಗಳ ಕಟ್ಟನ್ನು ಮೆಲ್ಲಗೆ ಅಲುಗಾಡಿಸುತ್ತಾ ಮೀಟರ್ ಅಥವಾ ಸ್ಕ್ಯಾನರ್‌ನ ಅಂಕಿಗಳನ್ನು ಗಮನಿಸಬೇಕು. ಬಂದು ಹೋಗುವ ದೋಷ ಸಿಕ್ಕಿಬೀಳುವುದು ಇಲ್ಲಿ.

ಇವೆಲ್ಲವೂ ಸರಿಯಿದ್ದರೆ ಮಾತ್ರ ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ, ಪಂಪಿನ ಪರೀಕ್ಷೆಗಳ ಸರದಿ. ಒಂದು ಎಚ್ಚರಿಕೆಯನ್ನು ಚಾಲಕರಿಗೂ ತಿಳಿಸಬೇಕು: ಎಂಜಿನ್ ಓಡುತ್ತಿರುವಾಗ ರೈಲ್‌ನ ನಟ್ಟುಗಳನ್ನು ಸಡಿಲಿಸಿ ಗಾಳಿ ತೆಗೆಯುವ ಹಳೆಯ ರೂಢಿಯನ್ನು ಈ ವಾಹನಗಳಲ್ಲಿ ಅನುಸರಿಸಲೇಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಇಂಜೆಕ್ಟರ್ ತಂತಿಗಳಲ್ಲಿಯೂ ಬ್ಯಾಟರಿಗಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜ್ ಇರುತ್ತದೆ.

ಎರಡು ತಪ್ಪು ತಿಳಿವಳಿಕೆಗಳು

ಮೊದಲನೆಯದು, ಸ್ಕ್ಯಾನರ್ ಯಾವ ಭಾಗ ಕೆಟ್ಟಿದೆಯೆಂದು ಹೇಳುತ್ತದೆ ಎಂಬ ನಂಬಿಕೆ. ಸ್ಕ್ಯಾನರ್ ಹಾಗೆ ಹೇಳುವುದಿಲ್ಲ. ಪಿ 0193 ಎಂದರೆ ರೈಲ್ ಒತ್ತಡದ ಸೆನ್ಸರ್ ಮಂಡಲದಲ್ಲಿ ವೋಲ್ಟೇಜ್ ಅತಿಯಾಗಿದೆ ಎಂದಷ್ಟೇ ಅರ್ಥ. ಅರ್ತ್ ತಂತಿ ತುಂಡಾಗಿದ್ದರೂ ಇದೇ ಸಂಕೇತ ಬರಬಹುದು. ಪಿ 0087 ಎಂದರೆ ಒತ್ತಡ ಕಡಿಮೆ. ಕಟ್ಟಿಕೊಂಡ ಫಿಲ್ಟರ್, ಗಾಳಿ ಸೇರಿಕೆ, ಸೋರುವ ಇಂಜೆಕ್ಟರ್, ಸವೆದ ಪಂಪು, ಪಂಪಿನ ಮೇಲಿನ ವಿದ್ಯುತ್ ಕವಾಟಕ್ಕೆ ಹೋಗುವ ತಂತಿ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಪಿ 0335 ಕ್ರ್ಯಾಂಕ್ ಸೆನ್ಸರ್‌ನ ಮಂಡಲದತ್ತ ಬೆರಳು ತೋರಿಸುತ್ತದೆ. ದೋಷ ಸೆನ್ಸರ್‌ನಲ್ಲಿಯೋ ತಂತಿಯಲ್ಲಿಯೋ ಎಂಬುದನ್ನು ಮೀಟರ್ ಹೇಳಬೇಕು. ತಾಳೆಪಟ್ಟಿ ಸರಿಹೊಂದದಿದ್ದಾಗ ವ್ಯತ್ಯಾಸದ ಮೊತ್ತವು ತಪ್ಪು ಇದೆಯೆಂದು ಹೇಳುತ್ತದೆ, ಯಾವ ಪುಟದಲ್ಲಿದೆ ಎಂದು ಹೇಳುವುದಿಲ್ಲ. ಅದನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಕೈತೊಳೆದುಕೊಳ್ಳುವ ಗುಮಾಸ್ತನನ್ನು ನಾವು ಮೆಚ್ಚುವುದಿಲ್ಲವಷ್ಟೆ. ಅದೇ ಅಳತೆಗೋಲನ್ನು ಗ್ಯಾರೇಜಿಗೂ ಅನ್ವಯಿಸಬೇಕು.

ಎರಡನೆಯದು, ತಂತಿಯ ಎರಡು ತುದಿಗಳಿಗೆ ಮೀಟರ್ ಹಿಡಿದು ಅದು ‘ಬೀಪ್’ ಎಂದರೆ ತಂತಿ ಸರಿಯಿದೆ ಎಂಬ ನಂಬಿಕೆ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಖಾಲಿ ಗಾಡಿಯನ್ನು ಓಡಿಸಿ ಭಾರ ಹೊರುವ ಶಕ್ತಿಯನ್ನು ತಿಳಿಯಲಾಗದು. ಮಂಡಲವು ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ಎಲ್ಲಿ ಎಷ್ಟು ಕುಸಿಯುತ್ತದೆ ಎಂದು ಅಳೆಯಬೇಕು. 10 ಆಂಪಿಯರ್ ಹರಿಯುವ ತಂತಿಯಲ್ಲಿ ಕೇವಲ 0.3 ಓಮ್ ತಡೆ ಹುಟ್ಟಿಕೊಂಡರೂ 3 ವೋಲ್ಟ್ ದಾರಿಯಲ್ಲಿಯೇ ಕರಗುತ್ತದೆ. ಹನ್ನೆರಡು ರೂಪಾಯಿ ಕಳುಹಿಸಿದರೆ ಒಂಬತ್ತು ರೂಪಾಯಿ ತಲುಪಿದಂತೆ. ನಡುವಿನ ಮೂರು ರೂಪಾಯಿಯನ್ನು ಹಿಡಿಯುವುದೇ ಪರೀಕ್ಷೆ.

ಮೆಕ್ಯಾನಿಕ್‌ನ ಪರವಾಗಿ ಒಂದು ಮಾತು

ಇಷ್ಟು ಹೇಳಿದ ಮಾತ್ರಕ್ಕೆ ತಪ್ಪೆಲ್ಲವೂ ಗ್ಯಾರೇಜಿನದೇ ಎಂದು ತಿಳಿಯಬಾರದು. ಎರಡು ಗಂಟೆ ಪರೀಕ್ಷಿಸಿ ‘ಸಡಿಲವಾದ ನಟ್ಟು ಬಿಗಿಮಾಡಿದೆ’ ಎಂದು ಹೇಳುವ ಮೆಕ್ಯಾನಿಕ್‌ಗೆ ನಾವು ಕೊಡುವುದು ನೂರೋ ಇನ್ನೂರೋ ರೂಪಾಯಿ. ಅದೇ ಹೊಸ ಸೆನ್ಸರ್ ಹಾಕಿದವನಿಗೆ ಸಾವಿರಾರು ರೂಪಾಯಿಗಳನ್ನು ಗೊಣಗದೆ ಕೊಡುತ್ತೇವೆ. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆ, ಬುದ್ಧಿಗೆ ಬೆಲೆಯಿಲ್ಲ ಎಂಬ ನಿಯಮವನ್ನು ರೂಪಿಸಿದವರು ನಾವೇ. ಪರೀಕ್ಷೆಗೆ ಪ್ರತ್ಯೇಕ ಶುಲ್ಕವನ್ನು ಮೊದಲೇ ಒಪ್ಪಿಕೊಂಡು, ದೋಷ ಐದು ರೂಪಾಯಿಯ ಫ್ಯೂಸಿನಲ್ಲಿದ್ದರೂ ಪೂರ್ತಿ ಶುಲ್ಕ ಕೊಡುವ ಮಾಲೀಕರಿಗೆ ಪ್ರಾಮಾಣಿಕ ಉತ್ತರ ಸಿಗುವ ಸಂಭವ ಹೆಚ್ಚು.

ಪರೀಕ್ಷೆಯ ಫಲವಾಗಿ ಪಂಪು ನಿಜವಾಗಿಯೂ ಸವೆದಿದೆ ಎಂದು ತಿಳಿದುಬರಬಹುದು. ಆಗ ಆ ವೆಚ್ಚವನ್ನು ಮಾಡಬೇಕು, ಅಥವಾ ವಾಹನವನ್ನು ಮಾರುವ ನಿರ್ಧಾರಕ್ಕೆ ಬರಬೇಕು. ಎರಡಕ್ಕೂ ಆಧಾರ ದೊರೆತಂತಾಗುತ್ತದೆ. ದೋಷವೇನೆಂದು ತಿಳಿಯದೆ ಬೇಸತ್ತು ಚೆನ್ನಾಗಿರುವ ವಾಹನವನ್ನು ಮಣ್ಣಿನ ಬೆಲೆಗೆ ಮಾರಿ, ಐದು ವರ್ಷದ ಕಂತಿಗೆ ಕೊರಳೊಡ್ಡುವುದು ಮಾತ್ರ ವಿವೇಕವಲ್ಲ.

ಲೆಕ್ಕಪತ್ರ ಮತ್ತು ತೆರಿಗೆ

ಈ ವಿಷಯದಲ್ಲಿ ಕೆಲವು ವ್ಯಾವಹಾರಿಕ ಅಂಶಗಳನ್ನು ಗಮನಿಸಬೇಕು.

ಸರಕು ಸಾಗಣೆ ವಾಹನದ ದುರಸ್ತಿ ಹಾಗೂ ಬಿಡಿಭಾಗಗಳ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಜಮೆಯನ್ನು ತಡೆದಿರುವುದು ಮುಖ್ಯವಾಗಿ ಪ್ರಯಾಣಿಕರ ಸಣ್ಣ ವಾಹನಗಳಿಗೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಶೇ. 18ರ ದರ ಅನ್ವಯಿಸುತ್ತದೆ. ರೂ. 18,000ದ ಬಿಡಿಭಾಗಕ್ಕೆ ತೆರಿಗೆ ರೂ. 3,240. ನಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲಿದ್ದರೆ ಈ ಮೊತ್ತ ಜಮೆಯಾಗುತ್ತದೆ. ಬಿಳಿ ಚೀಟಿಯ ಮೇಲೆ ಬರೆಸಿಕೊಂಡರೆ ಇಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಪಾವತಿಸಿದ ವೆಚ್ಚವನ್ನು 1961ರ ಆದಾಯ ತೆರಿಗೆ ಕಾಯಿದೆಯೂ 2025ರ ಹೊಸ ಕಾಯಿದೆಯೂ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲವೆಂಬುದನ್ನು ಗ್ಯಾರೇಜಿನ ಪಾವತಿಯಲ್ಲಿಯೂ ಮರೆಯಬಾರದು.

ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶದ ಸರಕು ಸೇವೆಗಳನ್ನು ಹೊರಗಿಟ್ಟಿದೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಬಳಸುವವರಿಗೆ ಮಾತ್ರ ವಿನಾಯಿತಿ. ಆದ್ದರಿಂದ ನಮ್ಮಲ್ಲಿ ಹಲವರಿಗೆ ಆ ಬಾಗಿಲು ತೆರೆಯದಿರಬಹುದು. ಮೊದಲೇ ಬರೆಸಿಕೊಂಡ ಜಾಬ್ ಕಾರ್ಡೇ ನಮಗಿರುವ ರಕ್ಷಣೆ.

ಪ್ರತಿ ವಾಹನಕ್ಕೂ ಪ್ರತ್ಯೇಕ ಪುಸ್ತಕವಿಡಿ. ದಿನಾಂಕ, ಓಟದ ಕಿಲೋಮೀಟರು, ಚಾಲಕ ಹೇಳಿದ ದೂರು, ಆಗ ಎಂಜಿನ್ ಕಾದಿತ್ತೇ, ಮಳೆ ಬಂದಿತ್ತೇ, ಭಾರವಿತ್ತೇ ಎಂಬ ವಿವರ, ದೋಷಸಂಕೇತ, ಮಾಡಿದ ಪರೀಕ್ಷೆ, ಬದಲಿಸಿದ ಭಾಗ ಮತ್ತು ವಾಹನ ನಿಂತ ದಿನಗಳು ಅದರಲ್ಲಿರಲಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಚಾಲಕನ ಮಾತನ್ನು ದೂರೆಂದು ತಿಳಿಯದೆ ಸಾಕ್ಷ್ಯವೆಂದು ಬರೆದುಕೊಳ್ಳಿ. ರೋಗದ ಲಕ್ಷಣವನ್ನು ಕಣ್ಣಾರೆ ಕಂಡವನು ಅವನೊಬ್ಬನೇ.

ಸಲಹೆ

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಈ ದಿಶೆಯಲ್ಲಿ ಎರಡು ಕಾರ್ಯಗಳನ್ನು ಕೈಗೊಳ್ಳಬಹುದು. ಒಂದು, ಸ್ಥಳೀಯ ಐಟಿಐ ಅಥವಾ ಪಾಲಿಟೆಕ್ನಿಕ್ಕಿನ ಸಹಕಾರದೊಂದಿಗೆ ವಾಹನ ಮಾಲೀಕರಿಗೂ ಚಾಲಕರಿಗೂ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸುವುದು. ಎರಡು, ಪರೀಕ್ಷೆಯ ವಿವರಕ್ಕೂ ಪರೀಕ್ಷಾ ಶುಲ್ಕಕ್ಕೂ ಪ್ರತ್ಯೇಕ ಅಂಕಣವಿರುವ ಕನ್ನಡದ ಜಾಬ್ ಕಾರ್ಡ್ ಮಾದರಿಯೊಂದನ್ನು ಮುದ್ರಿಸಿ ಸದಸ್ಯರಿಗೂ ಊರಿನ ಗ್ಯಾರೇಜುಗಳಿಗೂ ಹಂಚುವುದು. ಇವೆರಡಕ್ಕೂ ದೊಡ್ಡ ಮೊತ್ತ ಬೇಕಾಗದು.

ಸದಸ್ಯ ಬಂಧುಗಳು ಮುಂದಿನ ಬಾರಿ ವಾಹನ ನಿಂತಾಗ, ಯಾವ ಭಾಗ ಹಾಕಬೇಕೆಂದು ಕೇಳುವ ಮೊದಲು ಯಾವ ಪರೀಕ್ಷೆ ಮಾಡಿದಿರಿ, ಮೀಟರ್ ಎಷ್ಟು ತೋರಿಸಿತು ಎಂದು ಕೇಳಲಿ. ಉತ್ತರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಲಿ. ವೋಚರ್ ಇಲ್ಲದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಾವು, ಪರೀಕ್ಷೆಯಿಲ್ಲದ ಬಿಡಿಭಾಗವನ್ನೂ ವಾಹನಕ್ಕೆ ಹಾಕಿಸಿಕೊಳ್ಳಬೇಕಾಗಿಲ್ಲ.